ಸೇವಾ ಸರ್ವರ್‌ಗಳ ಸ್ಥಳಾಂತರ ಮತ್ತು ಜಾಲ ಸಂಪರ್ಕದ ಅವಶ್ಯಕತೆಗಳು: ಅರ್ಜಿದಾರರ ಮಾಹಿತಿಗಾಗಿ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಪಿಂಚಣಿ ಮುಂತಾದ ಸೇವೆಗಳಿಗಾಗಿ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರು, ಸರ್ವರ್ ಸ್ಥಳಾಂತರದ ನಿಮಿತ್ತ ಸೇವೆಯು ಕೆಲವು ಗಂಟೆಗಳ ಕಾಲ ಲಭ್ಯವಿರುವುದಿಲ್ಲವೆಂಬ ಪ್ರಕಟಣೆಯನ್ನು ಆಗಾಗ್ಗೆ ಕಾಣುವುದುಂಟು. ಇನ್ನು ಕೆಲವು ಸ್ಥಳಾಂತರಗಳು ಅರ್ಜಿದಾರರ ಗಮನಕ್ಕೇ ಬಾರದಂತೆ ಪೂರ್ಣಗೊಳ್ಳುತ್ತವೆ. ಎರಡು ಸರ್ವರ್ ಸಮೂಹಗಳ ನಡುವಿನ ಜಾಲ ಸಂಪರ್ಕದ ಗುಣಮಟ್ಟವೇ ಬಹುಮಟ್ಟಿಗೆ ಈ ವ್ಯತ್ಯಾಸಕ್ಕೆ ಕಾರಣವಾಗಿರುತ್ತದೆ. ಈ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ವರ್ಚುವಲ್ ಯಂತ್ರ ಮತ್ತು ಕ್ಲಸ್ಟರ್ ಎಂದರೇನು?

ಒಂದು ಸರ್ವರ್‌ನೊಳಗೆ ತಂತ್ರಾಂಶದ ನೆರವಿನಿಂದ ಹಲವು ಗಣಕಯಂತ್ರಗಳನ್ನು ರೂಪಿಸಿ, ಪ್ರತಿಯೊಂದೂ ಪ್ರತ್ಯೇಕ ಯಂತ್ರದಂತೆ ಕಾರ್ಯನಿರ್ವಹಿಸುವಂತೆ ಮಾಡಬಹುದು. ಇವುಗಳನ್ನು ವರ್ಚುವಲ್ ಯಂತ್ರಗಳೆಂದು ಕರೆಯಲಾಗುತ್ತದೆ. ಒಂದೇ ಘಟಕದಂತೆ ನಿರ್ವಹಿಸಲ್ಪಡುವ ಹಲವು ಸರ್ವರ್‌ಗಳ ಸಮೂಹವೇ ಕ್ಲಸ್ಟರ್. ಹಳೆಯ ಸರ್ವರ್‌ಗಳನ್ನು ಬದಲಾಯಿಸುವಾಗ, ದುರಸ್ತಿ ಕೈಗೊಳ್ಳುವಾಗ ಅಥವಾ ಒಂದು ದತ್ತಾಂಶ ಕೇಂದ್ರದಿಂದ ಮತ್ತೊಂದಕ್ಕೆ ಸೇವೆಯನ್ನು ವರ್ಗಾಯಿಸುವಾಗ ವರ್ಚುವಲ್ ಯಂತ್ರಗಳನ್ನು ಒಂದು ಕ್ಲಸ್ಟರ್‌ನಿಂದ ಇನ್ನೊಂದಕ್ಕೆ ಸಾಗಿಸಬೇಕಾಗುತ್ತದೆ.

2. ಚಾಲನೆಯಲ್ಲಿರುವ ಯಂತ್ರವು ಹೇಗೆ ಸ್ಥಳಾಂತರಗೊಳ್ಳುತ್ತದೆ?

ಮೊದಲಿಗೆ ಯಂತ್ರದ ಸ್ಮೃತಿಯಲ್ಲಿರುವ ಸಮಸ್ತ ಮಾಹಿತಿಯನ್ನು ಹೊಸ ಸರ್ವರ್‌ಗೆ ನಕಲು ಮಾಡಲಾಗುತ್ತದೆ. ಈ ಅವಧಿಯಲ್ಲಿಯೂ ಹಳೆಯ ಯಂತ್ರವು ಅರ್ಜಿಗಳನ್ನು ಸ್ವೀಕರಿಸುತ್ತಲೇ ಇರುವುದರಿಂದ ಸ್ಮೃತಿಯ ಕೆಲವು ಭಾಗಗಳು ಬದಲಾಗುತ್ತವೆ. ಬದಲಾದ ಭಾಗಗಳನ್ನಷ್ಟೇ ಎರಡನೆಯ ಸುತ್ತಿನಲ್ಲಿ, ಅನಂತರ ಮೂರನೆಯ ಸುತ್ತಿನಲ್ಲಿ ನಕಲು ಮಾಡಲಾಗುತ್ತದೆ. ಉಳಿದ ಭಾಗವು ಅತ್ಯಲ್ಪವಾದಾಗ ಯಂತ್ರವನ್ನು ಕ್ಷಣಕಾಲ ತಡೆದು, ಕೊನೆಯ ಭಾಗವನ್ನು ಕಳುಹಿಸಿ, ಹೊಸ ಸ್ಥಳದಲ್ಲಿ ಚಾಲನೆಗೊಳಿಸಲಾಗುತ್ತದೆ. 2005ರಲ್ಲಿ ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈ ತಡೆಯ ಅವಧಿಯು 60 ಮಿಲಿಸೆಕೆಂಡ್‌ಗಳಷ್ಟು ಕಡಿಮೆಯಾಗಿತ್ತು.

3. ಜಾಲ ಸಂಪರ್ಕವು ಪೂರೈಸಬೇಕಾದ ಅವಶ್ಯಕತೆಗಳು

(ಅ) ಸಾಗಣೆ ವೇಗ: ಯಂತ್ರವೊಂದರ ಸ್ಮೃತಿಯು 32 ಗಿಗಾಬೈಟ್ ಎಂದು ಭಾವಿಸೋಣ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಮೊದಲ ಸುತ್ತಿಗೆ ಸುಮಾರು 26 ಸೆಕೆಂಡ್ ಬೇಕು. ಸ್ಮೃತಿಯು ಸೆಕೆಂಡಿಗೆ 1 ಗಿಗಾಬಿಟ್ ದರದಲ್ಲಿ ಬದಲಾಗುತ್ತಿದ್ದರೆ ಎರಡನೆಯ ಸುತ್ತಿಗೆ 3.2 ಗಿಗಾಬೈಟ್, ಮೂರನೆಯ ಸುತ್ತಿಗೆ 0.32 ಗಿಗಾಬೈಟ್ ಮಾತ್ರ ಉಳಿಯುತ್ತದೆ. ಆದರೆ ಸಂಪರ್ಕದ ವೇಗವೂ 1 ಗಿಗಾಬಿಟ್ ಮಾತ್ರವೇ ಆಗಿದ್ದಲ್ಲಿ, ಎಷ್ಟು ನಕಲಾಗುವುದೋ ಅಷ್ಟೇ ಪುನಃ ಬದಲಾಗುವುದರಿಂದ ಕಾರ್ಯವು ಮುಗಿಯುವುದೇ ಇಲ್ಲ. ಆದ್ದರಿಂದ ಸಂಪರ್ಕದ ವೇಗವು ಸ್ಮೃತಿ ಬದಲಾಗುವ ವೇಗಕ್ಕಿಂತ ಸಾಕಷ್ಟು ಹೆಚ್ಚಾಗಿರತಕ್ಕದ್ದು. ವಿಎಂವೇರ್ ಸಂಸ್ಥೆಯ ತಂತ್ರಾಂಶವು ದೂರದ ಸ್ಥಳಾಂತರಕ್ಕೆ ಪ್ರತಿಯೊಂದು ಸಾಗಣೆಗೂ ಕನಿಷ್ಠ 250 ಮೆಗಾಬಿಟ್ ವೇಗವನ್ನು ನಿಗದಿಪಡಿಸಿದೆ.

(ಆ) ವಿಳಂಬ: ಸಂದೇಶವು ಹೋಗಿ ಮರಳುವ ಕಾಲವು ಮಿತಿಯೊಳಗಿರಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ, ಪ್ರತಿ 100 ಕಿಲೋಮೀಟರ್ ಅಂತರಕ್ಕೆ ಹೋಗಿಬರುವ ಕಾಲ ಸುಮಾರು 1 ಮಿಲಿಸೆಕೆಂಡ್ ಆಗುತ್ತದೆ. ನೇರ ಅಂತರವು ಸುಮಾರು 500 ಕಿಲೋಮೀಟರ್ ಇರುವ ಬೆಂಗಳೂರು ಮತ್ತು ಹೈದರಾಬಾದ್ ನಗರಗಳ ನಡುವೆ ಇದು 5 ಮಿಲಿಸೆಕೆಂಡ್‌ಗಿಂತ ಕಡಿಮೆಯಾಗಲಾರದು. 2015ರಲ್ಲಿ ಬಿಡುಗಡೆಯಾದ ವಿಸ್ಫಿಯರ್ 6.0 ಆವೃತ್ತಿಯಿಂದ ಈ ಮಿತಿಯನ್ನು 150 ಮಿಲಿಸೆಕೆಂಡ್‌ಗೆ ವಿಸ್ತರಿಸಲಾಗಿದೆ. ಆದರೆ ಎರಡೂ ಸ್ಥಳಗಳಲ್ಲಿ ಏಕಕಾಲಕ್ಕೆ ದತ್ತಾಂಶ ದಾಖಲಿಸುವ ವ್ಯವಸ್ಥೆಯಲ್ಲಿ ಪ್ರತಿ ದಾಖಲೆಯೂ ಈ ವಿಳಂಬವನ್ನು ಕಾಯಬೇಕಾಗುವುದರಿಂದ ಅಲ್ಲಿ ಮಿತಿಯು ಬಹಳ ಬಿಗಿಯಾಗಿರುತ್ತದೆ.

(ಇ) ವಿಳಾಸ: ಮನೆ ಬದಲಾದರೂ ಅಂಚೆ ವಿಳಾಸ ಬದಲಾಗದಿದ್ದಂತೆ, ಯಂತ್ರವು ಸ್ಥಳಾಂತರಗೊಂಡ ಬಳಿಕವೂ ಅದರ ಐಪಿ ವಿಳಾಸವು ಅದೇ ಆಗಿರಬೇಕು. ಇಲ್ಲವಾದಲ್ಲಿ ಅರ್ಜಿದಾರರ ಸಂಪರ್ಕವು ಕಡಿದುಹೋಗುತ್ತದೆ. ಇದಕ್ಕಾಗಿ ಎರಡೂ ಕ್ಲಸ್ಟರ್‌ಗಳಲ್ಲಿ ಒಂದೇ ಸ್ಥಳೀಯ ಜಾಲವು ಲಭ್ಯವಿರಬೇಕು. ದೂರದ ಕೇಂದ್ರಗಳ ನಡುವೆ ಇದನ್ನು ಒದಗಿಸಲು ವಿಎಕ್ಸ್‌ಲ್ಯಾನ್‌ನಂತಹ ವಿಧಾನಗಳಿವೆ. ಇದರಲ್ಲಿ ಪ್ರತಿ ಸಂದೇಶಕ್ಕೂ ಸುಮಾರು 50 ಬೈಟ್‌ಗಳ ಹೊದಿಕೆ ಸೇರುವುದರಿಂದ, ಮಾರ್ಗದಲ್ಲಿನ ಎಲ್ಲ ಉಪಕರಣಗಳನ್ನೂ ಅಷ್ಟು ದೊಡ್ಡ ಸಂದೇಶಗಳಿಗೆ ಸಜ್ಜುಗೊಳಿಸಿರಬೇಕು. ಒಂದೇ ಉಪಕರಣದಲ್ಲಿ ಲೋಪವಿದ್ದರೂ ಸಣ್ಣ ಸಂದೇಶಗಳು ತಲುಪಿ ದೊಡ್ಡವು ತಲುಪದೇ ಹೋಗುತ್ತವೆ.

(ಈ) ಪ್ರತ್ಯೇಕತೆ ಮತ್ತು ಗೋಪ್ಯತೆ: ಸ್ಮೃತಿಯಲ್ಲಿ ಅರ್ಜಿದಾರರ ಹೆಸರು, ವಿಳಾಸ, ಗುಪ್ತಪದ ಮುಂತಾದವು ಇರಬಹುದಾದ್ದರಿಂದ ಸಾಗಣೆಯು ಪ್ರತ್ಯೇಕ ಜಾಲದಲ್ಲಿ, ಗೂಢಲಿಪೀಕರಣದೊಂದಿಗೆ ನಡೆಯುವುದು ಅವಶ್ಯ. ಪ್ರತ್ಯೇಕ ಜಾಲವಿಲ್ಲದಿದ್ದಲ್ಲಿ ಸಾಗಣೆಯ ದಟ್ಟಣೆಯಿಂದ ಇತರ ಸೇವೆಗಳೂ ನಿಧಾನಗೊಳ್ಳುತ್ತವೆ.

(ಉ) ಸಂಗ್ರಹಣೆ: ಎರಡೂ ಕ್ಲಸ್ಟರ್‌ಗಳಿಗೆ ಸಮಾನವಾದ ಸಂಗ್ರಹ ವ್ಯವಸ್ಥೆ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ದತ್ತಾಂಶವನ್ನೂ ಸಾಗಿಸಬೇಕು. 500 ಗಿಗಾಬೈಟ್ ದತ್ತಾಂಶಕ್ಕೆ 1 ಗಿಗಾಬಿಟ್ ಸಂಪರ್ಕದಲ್ಲಿ ಕನಿಷ್ಠ 67 ನಿಮಿಷಗಳು ಬೇಕಾಗುತ್ತವೆ.

4. ಸೇವೆಯನ್ನು ಸ್ಥಗಿತಗೊಳಿಸುವುದೇಕೆ?

ಮೇಲ್ಕಂಡ ಅವಶ್ಯಕತೆಗಳು ಪೂರೈಕೆಯಾಗದಿದ್ದಲ್ಲಿ, ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿ, ನಕಲು ಮಾಡಿ, ಪರಿಶೀಲಿಸಿದ ನಂತರ ಪುನಃ ಚಾಲನೆಗೊಳಿಸುವುದೇ ಸುರಕ್ಷಿತ ಮಾರ್ಗ. ನಿಲ್ಲಿಸಿದ ಯಂತ್ರದಲ್ಲಿ ದತ್ತಾಂಶವು ಬದಲಾಗುವುದಿಲ್ಲವಾದ್ದರಿಂದ ಎರಡು ಪ್ರತಿಗಳನ್ನು ತಾಳೆ ನೋಡಲು ಸಾಧ್ಯವಾಗುತ್ತದೆ. ಮುಂಚಿತವಾಗಿ ಪ್ರಕಟಿಸಿದ ಸ್ಥಗಿತವು ಅರ್ಜಿದಾರರಿಗೆ ಅನಾನುಕೂಲವೇ ಸರಿ. ಆದರೆ ಅರ್ಜಿ ಸಲ್ಲಿಕೆಯಾಯಿತೋ ಇಲ್ಲವೋ ಎಂಬ ಅನಿಶ್ಚಿತತೆಗಿಂತ ಅದು ಮೇಲು.

5. ಅರ್ಜಿದಾರರು ಗಮನಿಸಬೇಕಾದ ಅಂಶಗಳು

- ಸ್ಥಗಿತದ ಅವಧಿಗೆ ಮುನ್ನವೇ ಅರ್ಜಿಯನ್ನು ಪೂರ್ಣಗೊಳಿಸಿ ಸಲ್ಲಿಸುವುದು. ಭರ್ತಿ ಮಾಡಿ ಸಲ್ಲಿಸದೇ ಉಳಿಸಿದ ವಿವರಗಳು ಅಳಿಸಿಹೋಗುವ ಸಂಭವವಿರುತ್ತದೆ.
- ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಸಕಾಲ ಸೇವೆಗಳಾದಲ್ಲಿ ಸ್ವೀಕೃತಿಯಲ್ಲಿರುವ ಜಿಎಸ್‌ಸಿ ಸಂಖ್ಯೆಯನ್ನು ಕಾಯ್ದಿರಿಸುವುದು.
- ಶುಲ್ಕವು ಖಾತೆಯಿಂದ ಕಡಿತವಾಗಿ ರಸೀದಿ ಬಾರದಿದ್ದಲ್ಲಿ, ಸೇವೆಯು ಪುನರಾರಂಭವಾದ ಮೇಲೆ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು. ಅದಕ್ಕೆ ಮುನ್ನ ಎರಡನೆಯ ಬಾರಿ ಪಾವತಿಸಬಾರದು.
- ಸರ್ವರ್ ಸ್ಥಳಾಂತರಕ್ಕಾಗಿ ಅರ್ಜಿದಾರರಿಂದ ಗುಪ್ತಪದ ಅಥವಾ ಒಟಿಪಿ ಪಡೆಯುವ ಅಗತ್ಯವಿರುವುದಿಲ್ಲ. ಈ ನೆಪದಲ್ಲಿ ಬರುವ ದೂರವಾಣಿ ಕರೆಗಳಿಗೆ ಯಾವುದೇ ವಿವರ ನೀಡಬಾರದು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ ಸಹಕರಿಸಬೇಕಾಗಿ ಕೋರಲಾಗಿದೆ.