ಟ್ಯೂಬ್‌ಲೈಟ್ ಏಕೆ ತಡವಾಗಿ ಉರಿಯುತ್ತದೆ?

ಪಾಠ ತಡವಾಗಿ ಅರ್ಥವಾದವರನ್ನು ‘ಟ್ಯೂಬ್‌ಲೈಟ್’ ಎಂದು ಗೇಲಿ ಮಾಡುವುದನ್ನು ನೀವು ಕೇಳಿರಬಹುದು. ಸ್ಟಾರ್ಟರ್ ಇರುವ ಹಳೆಯ ಮಾದರಿಯ ಟ್ಯೂಬ್‌ಲೈಟ್ ಸ್ವಿಚ್ ಹಾಕಿದ ಮೇಲೆ ಒಂದೆರಡು ಸಲ ಮಿಣುಕಿ ನಂತರ ಬೆಳಗುತ್ತದೆ. ಆ ಒಂದೆರಡು ಸೆಕೆಂಡುಗಳಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಗೊತ್ತೆ?

ಟ್ಯೂಬಿನ ಈ ತುದಿಯಿಂದ ಆ ತುದಿಗೆ ತಂತಿಯೇ ಇಲ್ಲ. ಒಳಗಿರುವುದು ಆರ್ಗಾನ್‌ನಂತಹ ಅನಿಲ ಮತ್ತು ಸ್ವಲ್ಪ ಪಾದರಸ. ತುದಿಗಳಲ್ಲಿ ಮಾತ್ರ ಟಂಗ್‌ಸ್ಟನ್ ತಂತುಗಳಿವೆ. ತಂತುಗಳು ತಣ್ಣಗಿರುವಾಗ 230 ವೋಲ್ಟ್ ವಿದ್ಯುತ್ತು ಈ ಅನಿಲವನ್ನು ದಾಟಲಾರದು. ಅದಕ್ಕೇ ಸ್ಟಾರ್ಟರ್ ಬೇಕು.

ಪಟ್ಟಿಯಲ್ಲಿ ತಿರುಗಿಸಿ ಕೂರಿಸುವ ಪುಟ್ಟ ಡಬ್ಬಿಯೇ ಸ್ಟಾರ್ಟರ್. ಅದರೊಳಗಿನ ಗಾಜಿನ ಬುರುಡೆಯಲ್ಲಿ ನಿಯಾನ್‌ನಂತಹ ಅನಿಲವೂ ಒಂದನ್ನೊಂದು ಮುಟ್ಟದ ಎರಡು ಲೋಹದ ತುಂಡುಗಳೂ ಇರುತ್ತವೆ. ಒಂದು ತುಂಡು ದ್ವಿಲೋಹ ಪಟ್ಟಿ. ಬಿಸಿಯಾದಾಗ ಅದರ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಅದು ಬಾಗುತ್ತದೆ. (ಇಸ್ತ್ರಿಪೆಟ್ಟಿಗೆ ಕಾದಾಗ ತಾನಾಗಿ ಆಫ್ ಆಗುವುದೂ ಇಂತಹ ಪಟ್ಟಿಯಿಂದಲೇ.)

ಸ್ವಿಚ್ ಹಾಕಿದೊಡನೆ ಬುರುಡೆಯ ಅನಿಲ ಮಂದವಾಗಿ ಹೊಳೆದು ಬಿಸಿಯಾಗುತ್ತದೆ. ಪಟ್ಟಿ ಬಾಗಿ ಇನ್ನೊಂದು ತುಂಡನ್ನು ಮುಟ್ಟುತ್ತದೆ. ಈಗ ವಿದ್ಯುತ್ತು ಟ್ಯೂಬಿನ ಎರಡೂ ತಂತುಗಳ ಮೂಲಕ ಹರಿಯುತ್ತದೆ. ಅವು ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತವೆ. ಇತ್ತ ತುಂಡುಗಳು ಮುಟ್ಟಿದ್ದರಿಂದ ಹೊಳಪು ನಿಂತು, ಪಟ್ಟಿ ತಣಿದು ಹಿಂದೆ ಸರಿಯುತ್ತದೆ. ವಿದ್ಯುತ್ತು ಫಕ್ಕನೆ ಕಡಿಯುತ್ತದೆ. ಆ ಕ್ಷಣದಲ್ಲಿ ಚೋಕ್, ಅಂದರೆ ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯ ಸುರುಳಿ, ನೂರಾರು ವೋಲ್ಟ್‌ಗಳ ಒಂದು ತಳ್ಳು ಕೊಡುತ್ತದೆ. ಅನಿಲದಲ್ಲಿ ದಾರಿ ತೆರೆಯುತ್ತದೆ! ಪಾದರಸದ ಆವಿಯಿಂದ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೊಮ್ಮುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ.

ಟ್ಯೂಬ್ ಉರಿದ ಮೇಲೆ ಸ್ಟಾರ್ಟರಿಗೆ ಸಿಗುವ ವೋಲ್ಟೇಜ್ ಕಡಿಮೆ. ಆದ್ದರಿಂದ ಅದು ಮತ್ತೆ ಹೊಳೆಯದೆ ಸುಮ್ಮನಿರುತ್ತದೆ.

ಬೇಸಿಗೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಅಡಿಕೆ ತೋಟದ ಪಂಪುಗಳು ಒಟ್ಟಿಗೆ ಓಡಿದರೆ ವೋಲ್ಟೇಜ್ ಇಳಿಯುವುದುಂಟು. ಆಗ ಚೋಕಿನ ತಳ್ಳು ಸಾಲದು. ಸ್ಟಾರ್ಟರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಟ್ಯೂಬ್ ಮಿಣುಕುತ್ತಲೇ ಇರುತ್ತದೆ. ಪ್ರತಿ ಪ್ರಯತ್ನದಲ್ಲೂ ತಂತುವಿನ ಲೇಪ ಸವೆದು ತುದಿ ಕಪ್ಪಾಗುತ್ತದೆ. ಹಾಗಾಗಿ ಮಿಣುಕುವ ಟ್ಯೂಬನ್ನು ಆಫ್ ಮಾಡಿಬಿಡುವುದೇ ಲೇಸು.

ಎಲ್‌ಇಡಿ ದೀಪದಲ್ಲಿ ಪಾದರಸವಿಲ್ಲ, ಸ್ಟಾರ್ಟರಿಗೆ ಕೆಲಸವೂ ಇಲ್ಲ. ಪಾದರಸವಿರುವ ಟ್ಯೂಬ್‌ಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ನಿರ್ಧರಿಸಿವೆ. ಆದರೆ ಸುಟ್ಟುಹೋದ ಟ್ಯೂಬ್‌ಗಳು ನಿಮ್ಮ ಶಾಲೆಯ ಮೂಲೆಯಲ್ಲಿ ಇನ್ನೂ ಇರಬಹುದು. ‘ಢಬ್’ ಎನ್ನುವ ಸದ್ದಿಗಾಗಿ ಅವನ್ನು ಒಡೆಯಬೇಡಿ. ಪಾದರಸದ ಆವಿ ವಿಷ. ಅಕಸ್ಮಾತ್ ಒಡೆದರೆ ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ, ಗುಡಿಸಲು ಹೋಗದೆ ಟೀಚರಿಗೆ ತಿಳಿಸಿ.