ಹೆತ್ತವರ ತೂಕವೂ ಮಕ್ಕಳ ಸಕ್ಕರೆಯೂ

ಚೆನ್ನೈಯ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಒಂದು ಲೋಟ ಸಿಹಿನೀರು ಕುಡಿಸುವ ಪದ್ಧತಿಯುಂಟು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಟ್ಟು, ಕುಡಿದವಳನ್ನು ಎರಡು ಗಂಟೆಗಳ ಕಾಲ ಕುಳ್ಳಿರಿಸಿ, ಅನಂತರ ತೋಳಿನಿಂದ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ 140 ಮಿಲಿಗ್ರಾಮಿಗೆ ಕಡಮೆಯಿಲ್ಲದಷ್ಟು ಸಕ್ಕರೆ ಕಂಡುಬಂದರೆ ಅದನ್ನು ಗರ್ಭಕಾಲದ ಮಧುಮೇಹವೆಂದು ನಿರ್ಣಯಿಸುತ್ತಾರೆ. ಈ ವಿಧಾನವನ್ನು ಪ್ರತಿಪಾದಿಸಿ ರೂಢಿಗೆ ತಂದವರು ಇದೇ ನಗರದ ವೈದ್ಯರಾದ ವಿ. ಶೇಷಯ್ಯನವರು. ಬೆಳಗ್ಗೆ ಇಡ್ಲಿ ತಿಂದು ಬಂದವಳನ್ನು ‘ನಾಳೆ ಬರಿಹೊಟ್ಟೆಯಲ್ಲಿ ಬಾರಮ್ಮ’ ಎಂದು ಹಿಂದಕ್ಕೆ ಕಳುಹಿಸಿದರೆ, ದೂರದಿಂದ ಬಸ್ಸು ಹಿಡಿದು ಬಂದ ಆ ಹೆಂಗಸು ಮರಳಿ ಬರುವುದು ಸಂದೇಹವೆಂಬ ಲೋಕಜ್ಞಾನ ಅದರ ಹಿಂದಿದೆ. ಉಂಡಿದ್ದರೂ ಸರಿ, ಉಪವಾಸವಿದ್ದರೂ ಸರಿ, ಪರೀಕ್ಷೆ ನಿಲ್ಲುವುದಿಲ್ಲ.

ಈ ಪರೀಕ್ಷೆ ತಾಯಿಯ ಹಿತಕ್ಕಾಗಿ ಮಾತ್ರವೇ ಎಂದು ಕೇಳಿದರೆ, ಅಲ್ಲ. ಚೆನ್ನೈಯ ರಾಯಪುರಂನಲ್ಲಿ ಮಧುಮೇಹದ ಆಸ್ಪತ್ರೆಯನ್ನು ಕಟ್ಟಿದ ಎಂ. ವಿಶ್ವನಾಥನ್ ಅವರೂ ಅವರ ಸಹೋದ್ಯೋಗಿಗಳೂ, ತಂದೆತಾಯಿ ಇಬ್ಬರಿಗೂ ಮಧುಮೇಹವಿದ್ದ ಮನೆಗಳ ಮಕ್ಕಳನ್ನು ಪರೀಕ್ಷಿಸಿ, ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಆ ವ್ಯಾಧಿ ಆಗಲೇ ಅಂಟಿಕೊಂಡಿದ್ದುದನ್ನು 1985ರಲ್ಲಿಯೇ ಪ್ರಕಟಿಸಿದರು. ಇಂಥದನ್ನು ಕೇಳಿದೊಡನೆ ‘ವಂಶದಲ್ಲೇ ಇದೆ’ ಎಂದು ಕೈಚೆಲ್ಲುವುದು ನಮ್ಮ ಜನರ ಸ್ವಭಾವ. ಆದರೆ ಮಕ್ಕಳಿಗೆ ಹೆತ್ತವರಿಂದ ಬರುವುದು ವಂಶವಾಹಿಗಳು ಮಾತ್ರವಲ್ಲ. ಅಡುಗೆಮನೆಯೂ ಬರುತ್ತದೆ, ಕುಳಿತಲ್ಲಿಂದ ಏಳದ ಅಭ್ಯಾಸವೂ ಬರುತ್ತದೆ, ತಾಯಿಯಿಂದಲಾದರೋ ಒಂಬತ್ತು ತಿಂಗಳ ಗರ್ಭವಾಸವೂ ಬರುತ್ತದೆ. ಇವುಗಳನ್ನು ಬಿಡಿಸಿ ನೋಡುವುದೇ ಕಷ್ಟದ ಕೆಲಸ.

ಆ ಕೆಲಸಕ್ಕೆ ಅಪೂರ್ವವಾದ ಸಾಧನವೊಂದು ದೊರಕಿದ್ದು ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಮೊದಲ್ಗೊಂಡು, ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ ತಾಯಿಯ ತೂಕವನ್ನೂ ಹೆರಿಗೆಯ ಪುಸ್ತಕಗಳಲ್ಲಿ ಶ್ರದ್ಧೆಯಿಂದ ಬರೆದಿಡುತ್ತ ಬಂದಿದ್ದರು. ಬರೆದವರಿಗೆ ಅದು ದಿನನಿತ್ಯದ ಕರ್ತವ್ಯ. 1953ರವರೆಗೆ ಅಲ್ಲಿ ಜನಿಸಿದವರಲ್ಲಿ ಸುಮಾರು ಐನೂರು ಮಂದಿಯನ್ನು ಮೈಸೂರಿನಲ್ಲಿಯೇ ಹುಡುಕಿ, ನಡುವಯಸ್ಸು ಸಂದಿದ್ದ ಅವರ ರಕ್ತವನ್ನು ಪರೀಕ್ಷಿಸಿದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರ ವರದಿ 1998ರಲ್ಲಿ ಹೊರಬಂದಿತು. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಅವರು, ಹುಟ್ಟುವಾಗ ಕೃಶವಾಗಿದ್ದ ಶಿಶುಗಳೇ ಮುಂದೆ ಮಧುಮೇಹಕ್ಕೆ ಹೆಚ್ಚಾಗಿ ಗುರಿಯಾಗುತ್ತವೆಂದು ತೋರಿಸಿದ್ದರು. ಮೈಸೂರಿನ ಪುಸ್ತಕಗಳು ಬೇರೆಯೇ ಕಥೆ ಹೇಳಿದವು: ಯಾರ ತಾಯಂದಿರು ಗರ್ಭಿಣಿಯರಾಗಿದ್ದಾಗ ಇತರರಿಗಿಂತ ಭಾರವಾಗಿದ್ದರೋ, ಯಾರು ಉದ್ದದಲ್ಲಿ ಗಿಡ್ಡರಾಗಿ ಮೈಯಲ್ಲಿ ದುಂಡಗೆ ಹುಟ್ಟಿದ್ದರೋ, ಅವರಲ್ಲಿಯೇ ಮಧುಮೇಹ ಅಧಿಕವಾಗಿತ್ತು.

ಇದರ ಕಾರಣವನ್ನು ಡೆನ್ಮಾರ್ಕಿನ ವೈದ್ಯ ಪೀಡರ್ಸನ್ 1950ರ ದಶಕದಲ್ಲಿಯೇ ಊಹಿಸಿದ್ದರು. ತಾಯಿಯ ರಕ್ತದಲ್ಲಿನ ಸಕ್ಕರೆ ಮಾಸನ್ನು ದಾಟಿ ಭ್ರೂಣವನ್ನು ಸೇರುತ್ತದೆ. ಅದನ್ನು ಅಂಕೆಯಲ್ಲಿಡಬೇಕಾದ ತಾಯಿಯ ಇನ್ಸುಲಿನ್ ಮಾತ್ರ ದಾಟಲಾರದು. ಹೀಗಾಗಿ, ಇನ್ನೂ ಲೋಕದ ಬೆಳಕನ್ನೇ ಕಾಣದ ಜೀವ ತನ್ನ ಎಳೆಯ ಮೇದೋಜೀರಕ ಗ್ರಂಥಿಯಿಂದ ತಾನೇ ಹೆಚ್ಚು ಇನ್ಸುಲಿನ್ ಸ್ರವಿಸಬೇಕಾಗುತ್ತದೆ, ಆ ಇನ್ಸುಲಿನ್ ಬೆಳವಣಿಗೆಗೂ ಪ್ರಚೋದಕವಾದುದರಿಂದ ಚರ್ಮದಡಿಯಲ್ಲಿ ಕೊಬ್ಬು ಶೇಖರವಾಗುತ್ತದೆ. ಸ್ಥೂಲಕಾಯದ ತಾಯಿಯಲ್ಲಿ ಇನ್ಸುಲಿನ್ನಿನ ಪ್ರಭಾವ ಮೊದಲೇ ಕುಗ್ಗಿರುವುದರಿಂದ ಈ ವ್ಯಾಪಾರಕ್ಕೆ ಅನುಕೂಲ ಹೆಚ್ಚು. ಅಮೆರಿಕದ ಪೀಮಾ ಬುಡಕಟ್ಟಿನಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ, ಆಕೆಗೆ ಮಧುಮೇಹ ಬಂದ ಮೇಲೆ ಹುಟ್ಟಿದವರಿಗೆ, ಮುಂಚೆ ಹುಟ್ಟಿದವರಿಗಿಂತ ಆ ರೋಗದ ಅಪಾಯ ಅಧಿಕವೆಂದು ಕಂಡುಬಂದಿತು. ತಾಯಿಯೂ ಒಬ್ಬಳೇ, ತಂದೆಯೂ ಒಬ್ಬನೇ ಆಗಿರಲು, ಇದನ್ನು ವಂಶವಾಹಿಗಳ ತಲೆಗೆ ಕಟ್ಟುವಂತಿಲ್ಲ.

ತಕ್ಕಡಿಯನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಪುಣೆಯ ಶಿಶುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನವು 3.5 ಕಿಲೋ, ಆದರೂ ನಮ್ಮ ಮಗುವಿನಲ್ಲಿ ಸೊರಗಿರುವುದು ಮಾಂಸಖಂಡವೇ ಹೊರತು, ಬೆನ್ನಿನ ಕೊಬ್ಬು ಅಷ್ಟಾಗಿ ಅಲ್ಲವೆಂದು ಚಿತ್ತರಂಜನ್ ಯಾಜ್ಞಿಕರು ಅಳೆದು ತೋರಿಸಿದ್ದಾರೆ. ತೆಳ್ಳಗೆ ಕಾಣುವ ಮೈಯೊಳಗೆ ಕೊಬ್ಬು ಅಡಗಿರಬಲ್ಲುದಾದುದರಿಂದಲೇ, ಪಾಶ್ಚಾತ್ಯರಲ್ಲಿ ದೇಹತೂಕದ ಸೂಚ್ಯಂಕ 25ಕ್ಕೆ ಏರಿದಾಗ ಕೊಡುವ ಎಚ್ಚರಿಕೆಯನ್ನು ನಮ್ಮವರಿಗೆ 23ಕ್ಕೇ ಕೊಡುತ್ತಾರೆ.

ಇಷ್ಟರಲ್ಲಿ ಓದುಗರಿಗೆ ಒಂದು ಅನುಮಾನ ಮೂಡಿರಬಹುದು: ಎಲ್ಲೆಲ್ಲಿಯೂ ತಾಯಿಯೇ ಅಪರಾಧಿಯೆ? ಗರ್ಭದ ಮಾರ್ಗ ಆಕೆಗಷ್ಟೇ ಇರುವುದು ನಿಜ. ಆದರೆ ಹೆರಿಗೆಯ ಪುಸ್ತಕಗಳಲ್ಲಿ ತಂದೆಯ ತೂಕಕ್ಕೆ ಅಂಕಣವಿರುವುದಿಲ್ಲವೆಂಬುದೂ ಅಷ್ಟೇ ನಿಜ. ಬರೆದಿಡದ ತೂಕದ ಮೇಲೆ ಆರೋಪ ಹೊರಿಸುವುದು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎನ್ನುವ ನಮ್ಮ ಗಾದೆಯೂ ಅಪ್ಪನ ಹೆಸರೆತ್ತುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು ಗಂಡು ಇಲಿಗಳಿಗೆ ಕೊಬ್ಬಿನ ಆಹಾರವನ್ನು ತಿನ್ನಿಸಿ ಸ್ಥೂಲಗೊಳಿಸಿ, ಸಾಮಾನ್ಯ ಆಹಾರದ ಹೆಣ್ಣುಗಳೊಡನೆ ಕೂಡಿಸಿದಾಗ, ಹುಟ್ಟಿದ ಹೆಣ್ಣುಮರಿಗಳಲ್ಲಿ ಇನ್ಸುಲಿನ್ ಸ್ರಾವ ಕೆಟ್ಟಿದ್ದುದು 2010ರಲ್ಲಿ ವರದಿಯಾಯಿತು. ಆ ಮರಿಗಳು ತಂದೆಯೊಡನೆ ಒಂದು ದಿನವೂ ಉಂಡವಲ್ಲ. ಇಲಿಯ ಮಾತನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಲಾಗದು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಮಧ್ಯಾಹ್ನ ಎಷ್ಟು ಬಿಳಿಯನ್ನ ಬೇಯಬೇಕೆಂಬುದು ಬಹುಮಟ್ಟಿಗೆ ಯಜಮಾನನ ನಾಲಗೆಯನ್ನು ಅನುಸರಿಸುತ್ತದೆಂಬುದಕ್ಕೆ ಇಲಿಯ ಸಾಕ್ಷ್ಯವೇಕೆ?

ಚೆನ್ನೈಯಲ್ಲಿಯೇ ಎ. ರಾಮಚಂದ್ರನ್ ಅವರ ತಂಡ, ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 531 ಮಂದಿಯನ್ನು ಆರಿಸಿಕೊಂಡು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡವರಿಗೆ ರೋಗ ತಗಲುವ ಸಂಭವ ಶೇಕಡಾ 28.5ರಷ್ಟು ತಗ್ಗಿತು. ವಿಸ್ಮಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಆ 531 ಮಂದಿಯಲ್ಲಿ ಹೆಚ್ಚಿನವರು ಗಂಡಸರು. ಗಂಡಸಿನ ಮೈ ತಿದ್ದುಪಡಿಗೆ ಒಗ್ಗುತ್ತದೆಂದು ಇಷ್ಟು ಸ್ಪಷ್ಟವಾಗಿರುವಾಗ, ಗರ್ಭಿಣಿಯ ತಪಾಸಣೆಯ ಕಾರ್ಡಿನಲ್ಲಿ ಆಕೆಯ ತೂಕದ ಪಕ್ಕಕ್ಕೆ ಗಂಡನ ತೂಕವನ್ನೂ ಸೊಂಟದ ಸುತ್ತಳತೆಯನ್ನೂ ಬರೆಯಲು ಎರಡು ಮನೆಗಳನ್ನು ಗೀಚಬಹುದು. 90 ಸೆಂಟಿಮೀಟರು ಮೀರಿದವನಿಗೂ ಅಂದೇ ಒಂದು ಲೋಟ ಸಿಹಿನೀರು ಕುಡಿಸಿ ಕುಳ್ಳಿರಿಸಬಹುದು. ಹೆಂಡತಿಯೊಡನೆ ಹೇಗೂ ಎರಡು ಗಂಟೆ ಕಾಯುವವನೇ ತಾನೆ.