ಹಡಗು ಹತ್ತಿದ ಪಾದರಸ

ಬ್ಯಾಂಕಿನಲ್ಲಿ ನಾನು ಕೆಲವು ವರ್ಷ ರಫ್ತು ಬಿಲ್ಲುಗಳ ಮೇಜಿನಲ್ಲಿ ಕುಳಿತವನು. ಕಾಫಿ, ಗೋಡಂಬಿ, ರೇಷ್ಮೆ ಹಡಗೇರಿದರೆ ಹೊರದೇಶದಿಂದ ನಮಗೆ ಹಣ ಬರುತ್ತಿತ್ತು. ಆದರೆ ಒಂದು ಬಗೆಯ ರಫ್ತಿನಲ್ಲಿ ಲೆಕ್ಕ ತಿರುವುಮುರುವು. ಸರಕು ಕಳಿಸುವವನೇ ಸಾಮಾನ್ಯವಾಗಿ ದುಡ್ಡನ್ನೂ ಕೊಡಬೇಕು! ಅದು ವಿಷಕಾರಿ ಕಸದ ರಫ್ತು.

ಮಕ್ಕಳೇ, ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಹಳೆಯ ಕಾಲದ ಥರ್ಮಾಮೀಟರ್ ಕೈಜಾರಿ ಒಡೆದರೆ ಬೆಳ್ಳಿಯಂಥ ಪುಟ್ಟ ಗುಂಡುಗಳು ನೆಲದ ತುಂಬ ಓಡುತ್ತಿದ್ದವು. ಅದೇ ಪಾದರಸ. ಅದರ ಆವಿ ಉಸಿರಿನಲ್ಲಿ ಸೇರಿದರೆ ನರಗಳಿಗೂ ಮೂತ್ರಪಿಂಡಕ್ಕೂ ಕೇಡು.

ತಮಿಳುನಾಡಿನ ಕೊಡೈಕನಾಲ್‌ನಲ್ಲಿ ಇಂಥ ಥರ್ಮಾಮೀಟರ್ ಮಾಡುವ ಕಾರ್ಖಾನೆಯೊಂದಿತ್ತು. ಅದರ ಯಂತ್ರಗಳು 1980ರ ದಶಕದಲ್ಲಿ ಅಮೆರಿಕದ ವಾಟರ್‌ಟೌನ್ ಎಂಬ ಊರಿನಿಂದ ಬಂದವು. ಮುಂದೆ ಕಾರ್ಖಾನೆ ಹಿಂದೂಸ್ತಾನ್ ಲಿವರ್ ಕಂಪನಿಯ ಕೈಸೇರಿತು. ತಯಾರಾದ ಥರ್ಮಾಮೀಟರ್‌ಗಳು ಹೊರದೇಶಕ್ಕೆ ಹೋದವು; ಒಡೆದ ಗಾಜು ನಮ್ಮ ಬೆಟ್ಟದಲ್ಲೇ ಉಳಿಯಿತು. 2001ರಲ್ಲಿ ಊರವರು ಗುಜರಿ ಅಂಗಡಿಯೊಂದರಲ್ಲಿ ಪಾದರಸ ಮೆತ್ತಿದ ಟನ್‌ಗಟ್ಟಲೆ ಗಾಜನ್ನು ಪತ್ತೆಮಾಡಿ ಗದ್ದಲ ಎಬ್ಬಿಸಿದರು. ಕಾರ್ಖಾನೆ ಮುಚ್ಚಿತು.

ಉಳಿದ ಕಸಕ್ಕೆ ಏನು ಗತಿ? 2003ರಲ್ಲಿ ಸುಮಾರು 290 ಟನ್ ಕಸ ಹಡಗು ಹತ್ತಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಯಿತು. ಪಾದರಸ ಬೇರ್ಪಡಿಸುವುದೇ ಕಸುಬಾದ ಕಾರ್ಖಾನೆ ಅಲ್ಲಿತ್ತು. ಆ ಕಸುಬಿನ ಗುಟ್ಟು ನಮ್ಮ ಅಡುಗೆಮನೆಯದೇ. ಪಾತ್ರೆಯಲ್ಲಿ ನೀರು ಕುದಿದಾಗ ಆವಿ ಎದ್ದು ಮುಚ್ಚಳದಲ್ಲಿ ಹನಿಗಟ್ಟುವುದಿಲ್ಲವೇ? ನೀರು 100 ಡಿಗ್ರಿಗೆ ಕುದಿದರೆ ಪಾದರಸ ಸುಮಾರು 357 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಆವಿ ಹೊರಹೋಗದಂತೆ ಭದ್ರವಾಗಿ ಮುಚ್ಚಿದ ಕುಲುಮೆಯಲ್ಲಿ ಕಸವನ್ನು ಕಾಯಿಸಿ, ಎದ್ದ ಆವಿಯನ್ನು ತಣ್ಣಗಾಗಿಸಿದರೆ ಪಾದರಸ ಮತ್ತೆ ಹನಿಹನಿಯಾಗಿ ಇಳಿಯುತ್ತದೆ. ಮನೆಯಲ್ಲಿ ಮಾತ್ರ ಈ ಪ್ರಯೋಗಕ್ಕೆ ಯಾರೂ ಕೈಹಾಕಬೇಡಿ!

ಯಂತ್ರ ಬಂದ ದೇಶಕ್ಕೇ ಕಸವೂ ಮರಳಿದ್ದು ನನಗಂತೂ ನ್ಯಾಯವೆನಿಸಿತು. ಶ್ರೀಮಂತ ದೇಶಗಳು ತಮ್ಮ ವಿಷವನ್ನು ಬಡ ದೇಶಗಳ ಅಂಗಳದಲ್ಲಿ ಸುರಿಯುವುದನ್ನು ತಡೆಯಲೆಂದೇ 1989ರಲ್ಲಿ ಬಾಸೆಲ್ ಒಪ್ಪಂದ ಹುಟ್ಟಿತು. ಇಲ್ಲಿ ಹಡಗು ಎದುರು ದಿಕ್ಕಿಗೆ ಓಡಿತ್ತು.

ಆದರೆ ತುಂಬಿ ಕಟ್ಟಿದ್ದಷ್ಟೇ ಹಡಗು ಹತ್ತೀತು. ಮಣ್ಣಿಗೆ ಇಳಿದದ್ದು ಅಲ್ಲೇ ಉಳಿಯಿತು. ಆ ಮಣ್ಣನ್ನು ಎಷ್ಟರಮಟ್ಟಿಗೆ ಶುದ್ಧಮಾಡಬೇಕೆಂಬ ವಾದ ವರ್ಷಗಟ್ಟಲೆ ನಡೆಯಿತು. ಅಲ್ಲಿ ದುಡಿದವರೂ ತಮ್ಮ ಕಾಯಿಲೆಗಳಿಗಾಗಿ ಕೋರ್ಟಿನ ಬಾಗಿಲು ಕಾದರು. ಕೊನೆಗೆ 591 ಮಾಜಿ ಕಾರ್ಮಿಕರು ಹಾಗೂ ಅವರ ಕುಟುಂಬಗಳ ಪರವಾಗಿ ಕಂಪನಿಯೊಂದಿಗೆ ರಾಜಿಯಾದದ್ದು 2016ರಲ್ಲಿ, ಕಸ ಹಡಗು ಹತ್ತಿ ಹದಿಮೂರು ವರ್ಷವಾದ ಮೇಲೆ.